ಡೋಲಿನ ಕೂಲಿ



ನಮ್ಮ ಶಾಲಾ ದಿನಗಳಲ್ಲಿ ಆಗಸ್ಟ್ ತಿಂಗಳೆಂದರೆ ಒಂದೇ ಒಂದು ತಾರೀಖು. 15ರ ಬೆಳಿಗ್ಗೆ ಪ್ರಭಾತಫೇರಿ, ಧ್ವಜವಂದನೆ, ಕೊನೆಗೆ ಮಕ್ಕಳ ಅಂಗೈಗೆ ಎರಡೆರಡು ಪೆಪ್ಪರ್ಮಿಂಟು. ನಿವೃತ್ತನಾದ ಮೇಲೆ ನನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಅದರ ಆಚೀಚೆ ಇನ್ನೆರಡು ತಾರೀಖುಗಳಿಗೂ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುವ ಅಭ್ಯಾಸ ಬಂದಿದೆ. ಒಂದು 9ನೆಯ ತಾರೀಖು, ವಿಶ್ವಸಂಸ್ಥೆಯು 1994ರಲ್ಲಿ ಗೊತ್ತುಪಡಿಸಿದ ವಿಶ್ವ ಆದಿವಾಸಿಗಳ ದಿನ. ಇನ್ನೊಂದು 18, ಕೊರಗರ ಭೂಮಿ ಹಬ್ಬ. ಮೊದಲನೆಯದು ಪತ್ರಿಕೆಗಳಲ್ಲಿ ಬರುತ್ತದೆ. ಎರಡನೆಯದನ್ನು ನಮ್ಮ ಊರಿನ ಪಕ್ಕದಲ್ಲೇ ಆಚರಿಸಿದರೂ ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಇಂದು ಆ ಹಬ್ಬದ ಹಿಂದಿನ ಇತಿಹಾಸವನ್ನು ನನಗೆ ತಿಳಿದಷ್ಟು ಬರೆಯಬೇಕೆಂದಿದ್ದೇನೆ. ಇದರಲ್ಲಿ ನನ್ನದೊಂದು ತಪ್ಪಿನ ಲೆಕ್ಕವೂ ಸೇರಿದೆ. ಆ ವರ್ಷ ನನ್ನ ತರಗತಿಯಲ್ಲಿದ್ದವರು ಯಾರಾದರೂ ಓದುತ್ತಿದ್ದರೆ ಅವರಿಗೆ ಅದು ನೆನಪಾದೀತು.

ಕೊರಗರು ತುಳುನಾಡಿನ ಮೂಲನಿವಾಸಿಗಳು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಹಾಗೂ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಇವರ ವಾಸ. ನಮ್ಮಲ್ಲಿ ಅನೇಕರು ಭಾವಿಸಿರುವಂತೆ ಇವರ ಮಾತು ಕೆಟ್ಟ ತುಳುವಲ್ಲ. ಅದು ದ್ರಾವಿಡ ವರ್ಗಕ್ಕೆ ಸೇರಿದ ಸ್ವತಂತ್ರ ಭಾಷೆ. ನಮ್ಮ ಹಿರಿಯ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಆ ಭಾಷೆಯ ಕುರಿತು ಬರೆದ ಗ್ರಂಥ 1971ರಲ್ಲಿಯೇ ಪ್ರಕಟವಾಯಿತು. ಹಬಾಶಿಕನೆಂಬ ಅರಸನ ಕಾಲದಲ್ಲಿ ತಾವೇ ಈ ನಾಡನ್ನು ಆಳಿದ್ದೆವೆಂದೂ, ಮೋಸದಿಂದ ಸೋತು ಕಾಡು ಸೇರಿದೆವೆಂದೂ ಅವರಲ್ಲಿ ಐತಿಹ್ಯವಿದೆ. ಈ ಐತಿಹ್ಯಕ್ಕೆ ಶಾಸನಾಧಾರವನ್ನು ಕೇಳುವುದು ಇತಿಹಾಸದ ಮೇಷ್ಟರ ಸ್ವಭಾವ. ಆದರೆ ಒಂದು ಸಮುದಾಯ ತಲೆಮಾರುಗಳ ಕಾಲ ‘ಈ ಮಣ್ಣು ನಮ್ಮದಾಗಿತ್ತು’ ಎಂಬ ಮಾತನ್ನು ಮಕ್ಕಳಿಗೆ ಹೇಳುತ್ತಾ ಬಂದಿದೆ ಎನ್ನುವುದೂ ಒಂದು ಇತಿಹಾಸವೇ ಎಂದು ಈಗ ನನಗೆ ಅನ್ನಿಸುತ್ತದೆ.

ಬ್ರಿಟಿಷರ ಕಾಲದ ಬರಹಗಳಲ್ಲಿ ಇವರ ಉಲ್ಲೇಖ ಸಿಗುತ್ತದೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಅಂಡೆ ಕೊರಗರೆಂಬ ಪಂಗಡದ ಪ್ರಸ್ತಾಪವಿದೆ. ಸಾರ್ವಜನಿಕ ದಾರಿಯಲ್ಲಿ ಉಗುಳಿದರೆ ದಾರಿ ಮೈಲಿಗೆಯಾಗುತ್ತದೆಂದು ಅವರ ಕೊರಳಿಗೆ ಒಂದು ಅಂಡೆಯನ್ನು ಕಟ್ಟಿಸುತ್ತಿದ್ದರಂತೆ. ಉಗುಳಬೇಕಾದರೆ ಅದರೊಳಗೇ ಉಗುಳಬೇಕು. ಸೊಪ್ಪನ್ನು ಉಡುತ್ತಿದ್ದವರು ಸೊಪ್ಪಿನ ಕೊರಗರು. ಮನುಷ್ಯರ ಗುಂಪೊಂದಕ್ಕೆ ಅವರ ಮೇಲೆ ಹೇರಿದ ಅವಮಾನದ ಪಾತ್ರೆಯಿಂದಲೇ ಹೆಸರು ಬಂದ ಉದಾಹರಣೆ ಬೇರೆಲ್ಲಾದರೂ ಇದೆಯೋ ನಾನರಿಯೆ.

ಇನ್ನು ಅಜಲಿನ ವಿಷಯ. ನಾನು ಹುಟ್ಟಿ ಬೆಳೆದದ್ದು ಗೇಣಿಯ ಅಕ್ಕಿ ಬರುತ್ತಿದ್ದ ಮನೆಯಲ್ಲಿ. ನನಗೆ 9 ವರ್ಷವಾಗಿದ್ದಾಗ, ಅಂದರೆ 1953ರಲ್ಲಿ, ನಮ್ಮ ಮನೆಯಲ್ಲಿ ಒಂದು ಸೀಮಂತ ನಡೆಯಿತು. ಯಾರದೆಂದು ಬರೆಯುವುದಿಲ್ಲ; ಬಂಧುಗಳಿಗೆ ತಿಳಿದೀತು. ಬಯಕೆಯ ಊಟಕ್ಕೆ ಮೊದಲು ಅಜ್ಜಿ ಒಂದು ಬಾಳೆಲೆಯ ತುದಿಯಲ್ಲಿ ಅನ್ನ ಕಲಸಿದರು. ಗರ್ಭಿಣಿಯ ಉಗುರಿನ ಚೂರು, ನಾಲ್ಕು ಕೂದಲೆಳೆ ಅದರಲ್ಲಿ ಸೇರಿದ್ದನ್ನು ನಾನು ಕಣ್ಣಾರೆ ಕಂಡೆ. ಅಂಗಳದಾಚೆ, ಹಟ್ಟಿಯ ಹಿಂದೆ ಕೊರಗರ ಒಬ್ಬ ಹೆಂಗಸು ಕುಳಿತಿದ್ದಳು. ಎಲೆಯನ್ನು ಅವಳ ಮುಂದೆ ಇಟ್ಟರು. ಅವಳು ತಲೆ ಎತ್ತದೆ ತಿಂದಳು. ಹುಟ್ಟುವ ಮಗುವಿಗೆ ಬರಬಹುದಾದ ಕೆಡುಕೆಲ್ಲ ಅವಳ ಹೊಟ್ಟೆ ಸೇರಿತೆಂದು ನಂಬಿಕೆ.

“ಅವಳಿಗೆ ಯಾಕೆ ಅದನ್ನು ಕೊಟ್ಟದ್ದು?” ಎಂದು ನಾನು ಕೇಳಿದೆ. ಅಜ್ಜಿ ಸಿಟ್ಟಾಗಲಿಲ್ಲ. “ಅದು ಅವರ ಹಕ್ಕು ಮಗಾ, ಕೊಡದಿದ್ದರೆ ಅವರಿಗೆ ಬೇಸರವಾಗುತ್ತದೆ” ಎಂದರು. ಅಜ್ಜಿ ಕ್ರೂರಿಯಲ್ಲ. ಹಸಿದು ಬಂದವರನ್ನು ಬರಿಗೈಯಲ್ಲಿ ಕಳಿಸಿದವರಲ್ಲ. ನನ್ನನ್ನು ಎತ್ತಿ ಆಡಿಸಿದ ಕೈಯೇ ಆ ಅನ್ನವನ್ನೂ ಕಲಸಿತು. ಇದನ್ನು ಬರೆದದ್ದಕ್ಕೆ ಬಂಧುಗಳಲ್ಲಿ ಯಾರಿಗಾದರೂ ನೋವಾದರೆ ಕ್ಷಮೆಯಿರಲಿ. ಆದರೆ ‘ಹಕ್ಕು’ ಎಂಬ ಶಬ್ದವನ್ನು ನಾನು ಜೀವನದಲ್ಲಿ ಮೊದಲು ಕೇಳಿದ್ದು ಹೀಗೆ. ಸಂವಿಧಾನದ ಪಾಠದಲ್ಲಿ ಆ ಶಬ್ದ ಬಂದದ್ದು ಬಹಳ ಅನಂತರ.

ಅಜಲು ಎಂಬುದು ಇದೊಂದೇ ಅಲ್ಲ. ಸತ್ತವರ ಬಟ್ಟೆ, ಬಾಣಂತಿಯ ಚಾಪೆ ಅವರಿಗೆ ಹೋಗುತ್ತಿತ್ತು. ಊಟವಾದ ಮೇಲಿನ ಎಂಜಲು ಅವರಿಗೆ. ಸತ್ತ ದನವನ್ನು ಸಾಗಿಸುವುದು ಅವರ ಕೆಲಸ. ಕಂಬಳದ ಹಿಂದಿನ ರಾತ್ರಿ ಇಡೀ ಇಬ್ಬನಿಯಲ್ಲಿ ಕುಳಿತು ಡೋಲು ಬಾರಿಸಬೇಕು. ಬೆಳಗಾದ ಮೇಲೆ ಕೋಣಗಳಿಗಿಂತ ಮೊದಲು ಕೆಸರುಗದ್ದೆಯಲ್ಲಿ ಕೋಣಗಳಂತೆ ಓಡಬೇಕು. ಮುಳ್ಳೋ ಗಾಜಿನ ಚೂರೋ ಇದ್ದರೆ ಅವರ ಕಾಲಿಗೆ ಚುಚ್ಚಲಿ, ಕೋಣದ ಕಾಲಿಗೆ ಬೇಡವೆಂಬ ಲೆಕ್ಕ. ಇವೆಲ್ಲಕ್ಕೂ ಊರು ಕೊಟ್ಟ ಹೆಸರು ಹಕ್ಕು, ಮರ್ಯಾದೆ, ಪದ್ಧತಿ.

ಇದನ್ನು ಅಂದೇ ವಿರೋಧಿಸಿದವರು ಇರಲಿಲ್ಲವೆಂದಲ್ಲ. ಕಾಸರಗೋಡಿನಲ್ಲಿ 1859ರಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ವಕೀಲರಾಗಿದ್ದವರು. ಅವರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆ ತೆರೆದರು. ಸ್ವಂತ ಸಮಾಜ ಅವರಿಗೆ ಬಹಿಷ್ಕಾರ ಹಾಕಿತು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ಮುಂದೆ ಕಾರಿನಲ್ಲಿ ಹೋಗುವಂತಾಗಿ, ಅದರ ಚಕ್ರದಿಂದ ಎದ್ದ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂದು ಅವರು ಹೇಳುತ್ತಿದ್ದ ಮಾತು ನಮ್ಮ ಜಿಲ್ಲೆಯಲ್ಲಿ ಪ್ರಸಿದ್ಧ. ಅವರು 1928ರಲ್ಲಿ ತೀರಿಕೊಂಡರು. ಗಾಂಧೀಜಿಯವರು 1934ರಲ್ಲಿ ಮಂಗಳೂರಿಗೆ ಬಂದಾಗ ಆ ಸಂಸ್ಥೆಗೆ ಭೇಟಿ ಕೊಟ್ಟರು. ನಾನು ಪ್ರತಿವರ್ಷ ಈ ಪಾಠವನ್ನು ಮಾಡುತ್ತಿದ್ದೆ. ರಂಗರಾಯರ ಹೆಸರು ಬಂದಾಗ ನನ್ನ ಸ್ವರ ತಾನಾಗಿ ಏರುತ್ತಿತ್ತೆಂದು ನಿಮ್ಮಲ್ಲಿ ಕೆಲವರು ಈಗಲೂ ಹೇಳುವುದುಂಟು.

ಈಗ 1974ಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯ ಇತಿಹಾಸದಲ್ಲಿ ಅದು ಮರೆಯಲಾಗದ ವರ್ಷ. ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಹೊಲದೊಡೆಯ. ಗೇಣಿದಾರರು 7ನೇ ನಮೂನೆಯ ಡಿಕ್ಲರೇಶನ್ ತುಂಬಲು ನನ್ನ ಬಳಿಗೂ ಬರುತ್ತಿದ್ದರು. ಶಾಲೆ ಬಿಟ್ಟ ಮೇಲೆ ದೀಪ ಹಚ್ಚಿಕೊಂಡು ಅರ್ಜಿ ಬರೆದುಕೊಟ್ಟಿದ್ದೇನೆ; ಅದರಿಂದ ನಮ್ಮ ಮನೆಯ ಗದ್ದೆಯೂ ಹೋಯಿತು. ಅದಕ್ಕೆ ನನಗೆ ವಿಷಾದವಿಲ್ಲ. ಆದರೆ ಬರೆದುಕೊಟ್ಟ ಅಷ್ಟೂ ಅರ್ಜಿಗಳಲ್ಲಿ ಒಂದೂ ಕೊರಗರದಾಗಿರಲಿಲ್ಲ ಎಂಬುದು ಆಗ ನನ್ನ ಗಮನಕ್ಕೇ ಬರಲಿಲ್ಲ. ಕಾರಣ ಸರಳವಾಗಿತ್ತು. ಭೂಮಿ ಪಡೆಯಬೇಕಾದರೆ ಗೇಣಿದಾರನಾಗಿರಬೇಕು. ಕೊರಗರಿಗೆ ಗೇಣಿಗೂ ಯಾರೂ ಭೂಮಿ ಕೊಟ್ಟಿರಲಿಲ್ಲ. ಅವರ ಗುಡಿಸಲುಗಳು ಇದ್ದದ್ದು ಗುಡ್ಡದ ಬದಿಯಲ್ಲಿ, ಯಾರದೋ ವರ್ಗಭೂಮಿಗೆ ತಗುಲಿದ ಕುಮ್ಕಿಯಲ್ಲಿ, ವರ್ಗದಾರ ಏಳೆಂದಾಗ ಏಳಬೇಕಾದ ಸ್ಥಿತಿಯಲ್ಲಿ. ಬುಟ್ಟಿ, ತೊಟ್ಟಿಲು ಹೆಣೆಯುವುದಕ್ಕೆ ಬಳ್ಳಿ ಬೇಕು. ಬಳ್ಳಿಯಿದ್ದ ಕಾಡಿಗೆ 1882ರ ಮದ್ರಾಸು ಅರಣ್ಯ ಕಾಯಿದೆಯ ಕಾಲದಿಂದಲೂ ಬೇಲಿ ಬೀಳುತ್ತಾ ಬಂದಿತ್ತು. ಶತಮಾನದ ಅತ್ಯಂತ ನ್ಯಾಯವಾದ ಕಾನೂನು ಎಂದು ನಾವು ಕೊಂಡಾಡಿದ ಕಾನೂನು ಈ ನೆಲದ ಅತಿ ಹಳೆಯ ಜನರ ಗುಡಿಸಲನ್ನು ಮುಟ್ಟದೆ ಪಕ್ಕದಲ್ಲೇ ಹಾದುಹೋಯಿತು.

ಅದೇ ವರ್ಷ ನಾನಿದ್ದ ಶಾಲೆಯಲ್ಲಿ ವಾರ್ಷಿಕೋತ್ಸವ. ನನಗಾಗ 30 ವರ್ಷ, ಮುಖ್ಯೋಪಾಧ್ಯಾಯನ ಪ್ರಭಾರ. 5ನೇ ತರಗತಿಯಲ್ಲಿ ಒಬ್ಬ ಕೊರಗ ಹುಡುಗನಿದ್ದ. ಆ ಗುಡ್ಡದಿಂದ ಅಷ್ಟು ದೂರ ಓದಿದವನು ಅವನೊಬ್ಬನೇ. ಮಗ್ಗಿಯಲ್ಲಿ ಚುರುಕು, ಅಕ್ಷರ ದುಂಡು. ಅತಿಥಿಗಳನ್ನು ರಸ್ತೆಯಿಂದ ಮೆರವಣಿಗೆಯಲ್ಲಿ ಕರೆತರಬೇಕೆಂದು ಸಮಿತಿಯಲ್ಲಿ ತೀರ್ಮಾನವಾಯಿತು. ಪಟ್ಟಣದಿಂದ ಒಂದು ವಾದ್ಯದ ತಂಡಕ್ಕೆ ಹೇಳಿದೆವು. ಡೋಲೂ ಇರಲೆಂದರು ಯಾರೋ. ನಾನು ಆ ಹುಡುಗನನ್ನು ಕರೆದು, ನಾಳೆ ಅಪ್ಪನಿಗೆ ಡೋಲು ತೆಗೆದುಕೊಂಡು ಬರಲು ಹೇಳೆಂದೆ.

ಅಪ್ಪ ಬಂದ. ಬೆಳಿಗ್ಗೆ ಒಂಬತ್ತಕ್ಕೆ ಬಂದವನು ಸಂಜೆ ನಾಟಕ ಆರಂಭವಾಗುವ ತನಕ ಬಾರಿಸಿದ. ಎಲ್ಲರ ಊಟವಾದ ಮೇಲೆ ಶಾಲೆಯ ಹಿಂಬದಿಯಲ್ಲಿ ಅವನಿಗೆ ಎಲೆ ಹಾಕಿದರು. ವಾದ್ಯದವರಿಗೆ 25 ರೂಪಾಯಿ ಕೊಟ್ಟು ಲೆಕ್ಕದ ಪುಸ್ತಕದಲ್ಲಿ ನಾನೇ ಬರೆದೆ. ಡೋಲಿಗೆ ಏನೂ ಬರೆಯಲಿಲ್ಲ, ಕೊಟ್ಟಿದ್ದರಲ್ಲವೇ ಬರೆಯಲು? ಕೊಡಬೇಕೆಂದು ಸಮಿತಿಯ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಸಂವಿಧಾನದ 23ನೇ ವಿಧಿಯು ಬಿಟ್ಟಿ ಚಾಕರಿಯನ್ನು ನಿಷೇಧಿಸುತ್ತದೆಂದು ಆ ವರ್ಷವೇ 7ನೇ ತರಗತಿಗೆ ನಾನು ಪೌರನೀತಿಯ ಟಿಪ್ಪಣಿ ಬರೆಸಿದ್ದೆ.

ಎರಡು ದಿನಗಳ ನಂತರ ಆ ಹುಡುಗ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದ: “ಮಾಸ್ಟ್ರೇ, ವಾದ್ಯದವರಿಗೆ ಕೊಟ್ಟ ಹಾಗೆ ನಮ್ಮ ಅಪ್ಪನಿಗೂ ಕೊಡಲಿಕ್ಕುಂಟಾ?”

ಧಾರ್ಷ್ಟ್ಯದ ಪ್ರಶ್ನೆಯಾಗಿರಲಿಲ್ಲ. ಲೆಕ್ಕ ಕಲಿತ ಹುಡುಗನ ಪ್ರಶ್ನೆ. ನಾನು, “ಅವನಿಗೆ ಊಟ ಕೊಟ್ಟಿದ್ದೇವಲ್ಲ, ಅದು ಪದ್ಧತಿ” ಎಂದೆ. ಅಜ್ಜಿಯ ಮಾತನ್ನೇ ಸ್ವಲ್ಪ ಬದಲಿಸಿ ಹೇಳಿದ್ದೆನೆಂದು ಈಗ ತಿಳಿಯುತ್ತದೆ. ಅವನು ತಲೆಯಾಡಿಸಿ ಹೋದ. ಮುಂದಿನ ಕೆಲವು ವಾರ ಶಾಲೆಗೆ ಬಂದ. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಬರಲಿಲ್ಲ. ನನ್ನ ಉತ್ತರವೇ ಕಾರಣವೋ, ಮನೆಯ ಕಷ್ಟವೋ, ಕೇಳಿ ತಿಳಿಯಲು ನಾನು ಗುಡ್ಡ ಹತ್ತಿ ಹೋಗಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದೆ.

ಮುಂದೆ ಸರ್ಕಾರಗಳು ಏನೇನು ಮಾಡಿದವೆಂಬುದನ್ನೂ ಹೇಳಬೇಕು. ಕೇಂದ್ರ ಸರ್ಕಾರವು 1975ರಿಂದ ಆರಂಭಿಸಿ, ಬುಡಕಟ್ಟುಗಳಲ್ಲೂ ಅತ್ಯಂತ ಹಿಂದುಳಿದವರನ್ನು ಪ್ರತ್ಯೇಕ ಪಟ್ಟಿ ಮಾಡಿತು. ದೇಶದಲ್ಲಿ ಅಂಥವು 75; ಕರ್ನಾಟಕದಲ್ಲಿ ಎರಡು, ಜೇನುಕುರುಬರು ಮತ್ತು ಕೊರಗರು. ಮೊದಲು ಅವರನ್ನು ‘ಆದಿಮ ಬುಡಕಟ್ಟು’ ಎಂದು ಕರೆಯುತ್ತಿದ್ದರು. ಆ ಹೆಸರು ಸರಿಯಲ್ಲವೆಂದು 2006ರಲ್ಲಿ ಅದನ್ನು ‘ವಿಶೇಷವಾಗಿ ದುರ್ಬಲ ಬುಡಕಟ್ಟು’ ಎಂದು ಬದಲಿಸಿದರು. 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ ಬಂತು.

ಆದರೆ ಅಜಲಿನ ವಿರುದ್ಧ ಮೊದಲು ಎದ್ದು ನಿಂತದ್ದು ಸರ್ಕಾರಕ್ಕಿಂತ ಹೆಚ್ಚಾಗಿ ಕೊರಗರೇ. ಎಂಬತ್ತು-ತೊಂಬತ್ತರ ದಶಕಗಳಲ್ಲಿ ಅವರ ಯುವಕ ಯುವತಿಯರು ಸಂಘ ಕಟ್ಟಿಕೊಂಡು ‘ಇನ್ನು ಎಂಜಲು ಮುಟ್ಟುವುದಿಲ್ಲ’ ಎಂದರು. ತಮ್ಮ ಹಿರಿಯರನ್ನು ಒಪ್ಪಿಸುವುದೇ ಅವರಿಗೆ ಮೊದಲ ಕಷ್ಟ. ಏಕೆಂದರೆ ಅದನ್ನು ಹಕ್ಕೆಂದು ನಂಬಿದ ಹಿರಿಯರು ಅವರಲ್ಲೂ ಇದ್ದರು. ಒಂದು ಅವಮಾನವನ್ನು ನೂರಾರು ವರ್ಷ ‘ಹಕ್ಕು’ ಎಂದು ಕರೆದರೆ, ಉಣಿಸಿದವರಂತೆ ಉಂಡವರೂ ಅದನ್ನು ನಂಬಿಬಿಡುತ್ತಾರೆ. 1993ರ ಆಗಸ್ಟ್ 18ರಂದು ಕೊರಗರು ಭೂಮಿಗಾಗಿ ಮಂಗಳೂರಿನಲ್ಲಿ ಹೋರಾಟಕ್ಕಿಳಿದರು. ಆ ದಿನದ ನೆನಪೇ ಇಂದಿನ ಭೂಮಿ ಹಬ್ಬ. ಮುಂದೆ ಡಾ. ಮಹಮ್ಮದ್ ಪೀರ್ ಅವರ ವರದಿ 1994ರಲ್ಲಿ ಬಂತು. ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಕೃಷಿಭೂಮಿ ಕೊಡಬೇಕೆಂಬುದು ಅದರ ಮುಖ್ಯ ಶಿಫಾರಸು. ಮೂವತ್ತು ವರ್ಷ ಕಳೆದರೂ ಅದು ಪೂರ್ತಿಯಾಗಿ ಜಾರಿಗೆ ಬಂದಿಲ್ಲ. ಕೆಲವರಿಗೆ ಸಿಕ್ಕಿದೆ, ಬಹಳ ಮಂದಿ ಇನ್ನೂ ಅರ್ಜಿ ಹಿಡಿದು ನಡೆಯುತ್ತಿದ್ದಾರೆ.

ಕರ್ನಾಟಕ ಕೊರಗರ ಅಜಲು ಪದ್ಧತಿ ನಿಷೇಧ ಕಾಯಿದೆಯು 2000ದಲ್ಲಿ ಬಂತು. ನನ್ನ ನಿವೃತ್ತಿಗೆ ಎರಡು ವರ್ಷವಿತ್ತು. ಪತ್ರಿಕೆಯಲ್ಲಿ ಆ ಸುದ್ದಿ ಓದಿ ಸಮಾಧಾನಪಟ್ಟೆ. ಅಜ್ಜಿಯ ಕಾಲದ ಪಾಪಕ್ಕೆ ಕೊನೆಯಾಯಿತೆಂದುಕೊಂಡೆ. ಅನಂತರ ಕಾಯಿದೆಯ ಪಾಠವೇ ಕೈಗೆ ಸಿಕ್ಕಿತು. ಅಜಲು ಎಂದರೇನೆಂದು ಅದರಲ್ಲಿ ವಿವರಣೆಯಿದೆ. ಆಹಾರದಲ್ಲಿ ಕೂದಲು, ಉಗುರು ಬೆರೆಸಿ ತಿನ್ನಿಸುವುದು ಅದರಲ್ಲಿದೆ. ಕಂಬಳಕ್ಕೆ ಮೊದಲು ಕೋಣಗಳಂತೆ ಓಡಿಸುವುದೂ ಇದೆ. ಆದರೆ ಇವಕ್ಕಿಂತ ಮೊದಲು ಇರುವುದು ಬೇರೆಯದು: ಕೊರಗರಿಂದ ಸೇವೆ ಪಡೆದು, ಇತರರಿಗೆ ಕೊಡುವಂತೆ ಅವರಿಗೆ ಕೂಲಿ ಕೊಡದೆ ಭೇದ ಮಾಡುವುದು.

ಆ ಸಾಲಿನ ಮೇಲೆ ಬೆರಳಿಟ್ಟು ನಾನು ಬಹಳ ಹೊತ್ತು ಕುಳಿತೆ. ಅಲ್ಲಿಯವರೆಗೆ ಅಜಲೆಂದರೆ ನನಗೆ ಹಟ್ಟಿಯ ಹಿಂದೆ ಕುಳಿತ ಆ ಹೆಂಗಸು, ಅಜ್ಜಿಯ ಕೈ. ಆ ದಿನ ಗೊತ್ತಾಯಿತು, ಅಜಲು ಮಾಡಿಸಿದವರಲ್ಲಿ ಖಾದಿ ಅಂಗಿ ತೊಟ್ಟು ರಂಗರಾಯರ ಪಾಠ ಮಾಡುತ್ತಿದ್ದ ಒಬ್ಬ ಮೇಷ್ಟರೂ ಇದ್ದ. ಹತ್ತು ವರ್ಷದ ಒಬ್ಬ ಹುಡುಗ ಕಾಯಿದೆಗಿಂತ 26 ವರ್ಷ ಮೊದಲೇ, ಕಾಯಿದೆಯ ವಿವರಣೆಯನ್ನು ಒಂದೇ ಪ್ರಶ್ನೆಯಲ್ಲಿ ಹೇಳಿಬಿಟ್ಟಿದ್ದ.

ಕಾಯಿದೆಯಿಂದ ಏನಾಯಿತೆಂದು ಕೇಳುವಿರಿ. ಕೂದಲು ಉಗುರಿನ ಅನ್ನ ಬಹುಮಟ್ಟಿಗೆ ಕಣ್ಮರೆಯಾಗಿದೆ, ನಿಜ. ಆದರೆ ಅಂಕಿಗಳನ್ನು ನೋಡಿ. ರಾಜ್ಯದ ಜನಸಂಖ್ಯೆ 2001ರಲ್ಲಿ 5.28 ಕೋಟಿಯಿದ್ದದ್ದು 2011ಕ್ಕೆ 6.11 ಕೋಟಿಗೇರಿತು. ಅದೇ ಹತ್ತು ವರ್ಷಗಳಲ್ಲಿ ಕರ್ನಾಟಕದ ಕೊರಗರ ಸಂಖ್ಯೆ 16,071ರಿಂದ 14,794ಕ್ಕೆ ಇಳಿಯಿತು. ಯುದ್ಧವಿಲ್ಲ, ಬರಗಾಲವಿಲ್ಲ, ಸಾಕ್ಷರತೆಗೂ ಆಸ್ಪತ್ರೆಗಳಿಗೂ ಹೆಸರಾದ ಜಿಲ್ಲೆಗಳು. ಅಲ್ಲಿ ಒಂದು ಜನಾಂಗ ಕರಗುತ್ತಿದೆ. ರಕ್ತಹೀನತೆ, ಕ್ಷಯ, ಮದ್ಯ, ಎಳವೆಯಲ್ಲೇ ಸಾಯುವ ಮಕ್ಕಳು ಎಂದು ಕಾರಣಗಳನ್ನು ಪಟ್ಟಿ ಮಾಡುತ್ತಾರೆ. ಮದ್ಯದ ಮಾತು ಬಂದಾಗಲೆಲ್ಲ ನನಗೆ ಅನ್ನಿಸುವುದಿದೆ: ಸತ್ತ ದನ ಎಳೆಯುವುದಕ್ಕೂ ಇಡೀ ರಾತ್ರಿ ಇಬ್ಬನಿಯಲ್ಲಿ ಕೂರುವುದಕ್ಕೂ ಕೂಲಿಯ ಬದಲು ಕಳ್ಳನ್ನು ಕೊಟ್ಟು ರೂಢಿ ಮಾಡಿಸಿದವರಾರು?

ಸರ್ಕಾರ ಈಗ ಕೊರಗ, ಜೇನುಕುರುಬ ಮನೆಗಳಿಗೆ ಅಕ್ಕಿ, ಬೇಳೆ, ಮೊಟ್ಟೆ, ತುಪ್ಪದಂಥ ಪೌಷ್ಟಿಕ ಆಹಾರ ಒದಗಿಸುತ್ತದೆ. 2023ರ ನವೆಂಬರ್ 15ರಂದು ಕೇಂದ್ರವು ಇಂಥ 75 ಸಮುದಾಯಗಳಿಗಾಗಿ ಪಿಎಂ ಜನ್‌ಮನ್ ಎಂಬ ಯೋಜನೆ ಆರಂಭಿಸಿತು. ಅದರ ಗಾತ್ರ 24,104 ಕೋಟಿ ರೂಪಾಯಿ. ಮನೆ, ರಸ್ತೆ, ನೀರು ಬರಲಿ. ಒಳ್ಳೆಯದೇ. ಆದರೆ ಕೊಡುವ ಕೈಯ ಭಾವ ಬದಲಾಗದಿದ್ದರೆ ತುಪ್ಪದ ಡಬ್ಬಿಯೂ ಹಟ್ಟಿಯ ಹಿಂದಿನ ಎಲೆಯಾಗಬಹುದು. ಎರಡೂವರೆ ಎಕರೆ ಹಾಗಲ್ಲ. ಸ್ವಂತ ನೆಲದಲ್ಲಿ ನಿಂತವನನ್ನು ಯಾರೂ ಏಳೆನ್ನುವಂತಿಲ್ಲ. ಡೋಲು ಬಾರಿಸು ಎಂದರೆ ಕೂಲಿಯೆಷ್ಟು ಎಂದು ಅವನು ಕೇಳಬಲ್ಲ, ಬೇಡವೆನ್ನಲೂ ಬಲ್ಲ. ಇಷ್ಟು ವರ್ಷ ಅವರು ಕೇಳುತ್ತಿರುವುದು ಇದನ್ನೇ.

2021ರ ಡಿಸೆಂಬರಿನಲ್ಲಿ ಉಡುಪಿ ಜಿಲ್ಲೆಯ ಕೋಟತಟ್ಟಿನಲ್ಲಿ ಒಂದು ಕೊರಗ ಕುಟುಂಬದ ಮದುವೆಯ ಮೆಹಂದಿ ನಡೆಯುತ್ತಿತ್ತು. ಧ್ವನಿವರ್ಧಕದ ಸದ್ದು ಜೋರಾಯಿತೆಂಬ ದೂರಿನ ಮೇಲೆ ಬಂದ ಪೊಲೀಸರು ಮದುಮಗನೂ ಸೇರಿ ಅಲ್ಲಿದ್ದವರ ಮೇಲೆ ಲಾಠಿ ಬೀಸಿದರು. ರಾಜ್ಯದಲ್ಲೆಲ್ಲ ಸುದ್ದಿಯಾಗಿ ಸಬ್ ಇನ್‌ಸ್ಪೆಕ್ಟರರ ಅಮಾನತಾಯಿತು. ಅದನ್ನೋದಿದ ದಿನ ನನಗೆ ಡೋಲಿನ ನೆನಪಾಯಿತು. ನಮ್ಮ ಸಂಭ್ರಮಕ್ಕೆ ಇಡೀ ರಾತ್ರಿ ಬಾರಿಸೆಂದು ಅವರಿಗೆ ಹೇಳುತ್ತಿದ್ದ ಊರು, ಅವರ ಸಂಭ್ರಮದ ಒಂದು ರಾತ್ರಿಯ ಸದ್ದನ್ನು ತಾಳಲಿಲ್ಲ.

ನಿರಾಶೆಯಿಂದ ಮುಗಿಸಲಾರೆ. ಕೊರಗ ಸಮುದಾಯದ ಮಹಿಳೆಯೊಬ್ಬರು ಉನ್ನತ ಶಿಕ್ಷಣ ಪಡೆದು ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಅಧ್ಯಾಪಕಿಯಾಗಿದ್ದಾರೆ. ರಂಗರಾಯರು ಇದ್ದಿದ್ದರೆ ರಸ್ತೆಯ ಬದಿಯಲ್ಲಿ ಕೈಮುಗಿದು ನಿಲ್ಲುತ್ತಿದ್ದರು. ಅಂಥ ಇನ್ನೊಬ್ಬ ನನ್ನ ತರಗತಿಯಿಂದಲೂ ಹೊರಡಬಹುದಿತ್ತು.

ನಿವೃತ್ತಿಯ ಮರುವರ್ಷ, 2003ರಲ್ಲಿ, ನಾನು ಆ ಗುಡ್ಡ ಹತ್ತಿದೆ. 29 ವರ್ಷ ತಡವಾಗಿ ಹೊರಟಿದ್ದೆ. ಗುಡಿಸಲುಗಳಿದ್ದ ಜಾಗದಲ್ಲಿ ರಬ್ಬರು ಮರಗಳು ಸಾಲಾಗಿ ನಿಂತಿದ್ದವು, ಪ್ರತಿ ಮರಕ್ಕೂ ಒಂದೊಂದು ಚಿಪ್ಪು. ಹಾಲು ತೆಗೆಯುತ್ತಿದ್ದವನಿಗೆ ಮೊದಲು ಅಲ್ಲಿ ಯಾರಿದ್ದರೆಂದು ಗೊತ್ತಿರಲಿಲ್ಲ. ಕೆಳಗಿನ ಅಂಗಡಿಯ ಹಿರಿಯರು, “ಅವರೆಲ್ಲ ಯಾವಾಗಲೋ ಎದ್ದುಹೋದರು ಮಾಸ್ಟ್ರೇ” ಎಂದರು.

ಆ ವರ್ಷ 5ನೇ ತರಗತಿಯಲ್ಲಿದ್ದವರೇ, ನಿಮಗೀಗ ಅರವತ್ತರ ಆಸುಪಾಸು. ಹಿಂದಿನ ಸಾಲಿನ ಕಿಟಕಿಯ ಬಳಿ ಒಬ್ಬನೇ ಕೂರುತ್ತಿದ್ದ ಆ ದುಂಡಕ್ಷರದ ಹುಡುಗನ ಹೆಸರು ನಿಮಗೆ ನೆನಪಿದ್ದೀತು. ಅವನು ಎಲ್ಲಿದ್ದಾನೆಂದು ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ತಿಳಿಸಿ. ಸಿಕ್ಕರೆ ಅವನ ಮುಂದೆ ಏನು ಹೇಳಬೇಕೆಂದು ಯೋಚಿಸಿದ್ದೇನೆ. ಮೊದಲು ಅವನ ಪ್ರಶ್ನೆಗೆ ಉತ್ತರ: ಹೌದು ಮಗಾ, ಕೊಡಲಿಕ್ಕಿತ್ತು. ಉಳಿದದ್ದು ಆಮೇಲೆ.

ಬಂಧುಗಳಲ್ಲಿ ಒಂದೇ ವಿನಂತಿ. ಮನೆಯ ಮದುವೆಗೋ ಊರಿನ ಜಾತ್ರೆಗೋ ಡೋಲಿನವರನ್ನು ಕರೆದರೆ, ಅವರು ಒಪ್ಪಿದ ಸಂಭಾವನೆಯನ್ನು ಮೊದಲೇ ಮಾತಾಡಿ, ಎಲ್ಲರ ಪಂಕ್ತಿಯಲ್ಲೇ ಎಲೆ ಹಾಕಿ, ಖರ್ಚಿನ ಪುಸ್ತಕದಲ್ಲಿ ಮರೆಯದೆ ಬರೆಯಿರಿ.